ಹಲವು ಕಡತಗಳಿಂದ ಒಂದು ಗೋಷ್ವಾರೆ: ಸದಸ್ಯರು ತಿಳಿದಿರಬೇಕಾದ ತಾಳೆಯ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಸದಸ್ಯರ ಮುಂದೆ ಬರುವ ಅಂಕಿ-ಅಂಶಗಳು ಒಂದೇ ಸ್ಥಳದಲ್ಲಿ ಹುಟ್ಟಿದವುಗಳಲ್ಲ. ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿಯ ವಿವರವನ್ನು ಕರವಸೂಲಿಗಾರರು ಗ್ರಾಮವಾರು ಬರೆದಿರುತ್ತಾರೆ. ನೀರು ಸರಬರಾಜಿನ ವಿವರ ನೀರುಗಂಟಿಗಳಿಂದ ಬರುತ್ತದೆ. ಇವು ಸೇರಿ ಪಂಚಾಯತಿಯ ಪಟ್ಟಿಯಾಗುತ್ತದೆ. ಪಂಚಾಯತಿಗಳ ಪಟ್ಟಿಗಳು ಸೇರಿ ತಾಲ್ಲೂಕಿನ ಪಟ್ಟಿಯಾಗುತ್ತದೆ. ತಾಲ್ಲೂಕುಗಳ ಪಟ್ಟಿಗಳು ಬನಶಂಕರಿಯಲ್ಲಿರುವ ಜಿಲ್ಲಾ ಪಂಚಾಯತ್ ಕಚೇರಿಯನ್ನು ತಲುಪಿ ಜಿಲ್ಲೆಯ ಪಟ್ಟಿಯಾಗುತ್ತವೆ. ಹೀಗೆ ಕ್ರೋಢೀಕರಿಸಿದ ಪಟ್ಟಿಗೆ ಕಚೇರಿಯ ಭಾಷೆಯಲ್ಲಿ ಗೋಷ್ವಾರೆ ಎಂದು ಹೆಸರು.

ಅನುದಾನ ಹಂಚಿಕೆ, ಕಾಮಗಾರಿಯ ಆದ್ಯತೆ, ಟ್ಯಾಂಕರ್ ನೀರಿನ ಮಾರ್ಗ ಇವೆಲ್ಲವೂ ಗೋಷ್ವಾರೆಯನ್ನು ನೋಡಿ ನಿರ್ಧಾರವಾಗುತ್ತವೆ. ಮೂಲ ಪಟ್ಟಿಯಲ್ಲಿದ್ದು ಗೋಷ್ವಾರೆಯಲ್ಲಿ ಬಿಟ್ಟುಹೋದ ಕುಟುಂಬವು ಮೇಲಿನ ಕಚೇರಿಗಳ ಮಟ್ಟಿಗೆ ಇಲ್ಲದ ಕುಟುಂಬ. ಆದುದರಿಂದ ಕಡತಗಳನ್ನು ಒಂದುಗೂಡಿಸುವ ಕೆಲಸವನ್ನು ಗಣಕಯಂತ್ರದ ಮುಂದೆ ಕುಳಿತವರ ಕೆಲಸವೆಂದು ಸದಸ್ಯರು ಬಿಟ್ಟುಬಿಡುವಂತಿಲ್ಲ. ಈ ಪಾಠದ ಉದ್ದೇಶವು ಸದಸ್ಯರಿಗೆ ಸ್ಕ್ರಿಪ್ಟ್ ಬರೆಯಲು ಕಲಿಸುವುದಲ್ಲ. ಸ್ಕ್ರಿಪ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಸಿ, ಸಭೆಯಲ್ಲಿ ಯಾವ ಲೆಕ್ಕವನ್ನು ಕೇಳಬೇಕೆಂಬುದನ್ನು ಸ್ಪಷ್ಟಪಡಿಸುವುದು ಇದರ ಉದ್ದೇಶ.

1. ಕೈಯಿಂದ ಸೇರಿಸುವ ಕ್ರಮ ಮತ್ತು ಅದರ ತೊಂದರೆ

ಸಾಮಾನ್ಯವಾಗಿ ವಿಷಯ ನಿರ್ವಾಹಕರು ಇ-ಮೇಲ್ ಮತ್ತು ವಾಟ್ಸಾಪ್ ಮೂಲಕ ಬಂದ ಎಕ್ಸೆಲ್ ಕಡತಗಳನ್ನು ಒಂದೊಂದಾಗಿ ತೆರೆದು, ಸಾಲುಗಳನ್ನು ನಕಲು ಮಾಡಿ, ದೊಡ್ಡ ಹಾಳೆಯೊಂದರಲ್ಲಿ ಅಂಟಿಸುತ್ತಾರೆ. ಹತ್ತು ಕಡತಗಳಿಗೆ ಇದು ಸಾಕು. ಕಡತಗಳು ಮೂವತ್ತು, ನಲವತ್ತು ಆದಾಗ ಒಂದೆರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಯಾವುದೋ ಪಂಚಾಯತಿಯಿಂದ ತಿದ್ದುಪಡಿ ಮಾಡಿದ ಕಡತ ಬರುತ್ತದೆ. ಹಳೆಯ ಸಾಲುಗಳನ್ನು ಹುಡುಕಿ ತೆಗೆದು ಹೊಸದನ್ನು ಹಾಕಬೇಕು. ಒಂದು ಕಡತ ಎರಡು ಬಾರಿ ಅಂಟಿದರೆ ಅಥವಾ ಒಂದು ಪೂರ್ತಿಯಾಗಿ ಬಿಟ್ಟುಹೋದರೆ ಅದನ್ನು ಹೇಳುವವರು ಯಾರೂ ಇರುವುದಿಲ್ಲ. ಮುಂದಿನ ತಿಂಗಳು ಇದೇ ಶ್ರಮ ಮೊದಲಿನಿಂದ ಆರಂಭವಾಗುತ್ತದೆ.

ಈ ಕ್ರಮದ ಮುಖ್ಯ ದೋಷವು ನಿಧಾನವಲ್ಲ. ಮಾಡಿದ ಕೆಲಸದ ಗುರುತು ಉಳಿಯದಿರುವುದೇ ಮುಖ್ಯ ದೋಷ. ಯಾವ ಸಾಲು ಯಾವ ಕಡತದಿಂದ ಬಂತು, ಯಾವುದನ್ನು ಯಾರು ತಿದ್ದಿದರು ಎಂಬುದನ್ನು ನಂತರ ಪತ್ತೆ ಮಾಡಲಾಗದು.

2. ಸ್ಕ್ರಿಪ್ಟ್ ಮಾಡುವ ಕೆಲಸ

ಸ್ಕ್ರಿಪ್ಟ್ ಎಂದರೆ ಗಣಕಯಂತ್ರಕ್ಕೆ ಕ್ರಮವಾಗಿ ಬರೆದು ಕೊಟ್ಟ ಆಜ್ಞೆಗಳ ಪಟ್ಟಿ. ಇದನ್ನು ಪೈಥಾನ್ ಎಂಬ ಗಣಕ ಭಾಷೆಯಲ್ಲಿ ಬರೆಯುವುದು ರೂಢಿ. ಪೈಥಾನ್ ಉಚಿತವಾಗಿ ದೊರೆಯುತ್ತದೆ. ಸ್ಕ್ರಿಪ್ಟ್ ಬರೆಯಲಾಗದ ಕಚೇರಿಗಳಲ್ಲಿ, ಎಕ್ಸೆಲ್‌ನ ಇತ್ತೀಚಿನ ಆವೃತ್ತಿಗಳಲ್ಲಿಯೇ ಇರುವ ಪವರ್ ಕ್ವೆರಿ ಎಂಬ ಸೌಲಭ್ಯದಿಂದಲೂ ಒಂದು ಫೋಲ್ಡರ್‌ನಲ್ಲಿರುವ ಎಲ್ಲ ಕಡತಗಳನ್ನು ಒಂದುಗೂಡಿಸಬಹುದು. ಎರಡರಲ್ಲಿಯೂ ನಡೆಯುವ ಕೆಲಸ ಬಹುಮಟ್ಟಿಗೆ ಒಂದೇ. ಅದರ ಹಂತಗಳು ಹೀಗಿವೆ:

(ಅ) ನಿಗದಿತ ಫೋಲ್ಡರ್‌ನಲ್ಲಿರುವ ಕಡತಗಳ ಹೆಸರುಗಳನ್ನು ಪಟ್ಟಿ ಮಾಡುವುದು.

(ಆ) ಒಂದೊಂದು ಕಡತವನ್ನು ತೆರೆದು ಮೊದಲ ಸಾಲಿನಲ್ಲಿರುವ ಅಂಕಣಗಳ ಶೀರ್ಷಿಕೆಗಳನ್ನು ಓದುವುದು. ಅವು ಮಾದರಿ ನಮೂನೆಯ ಶೀರ್ಷಿಕೆಗಳಿಗೆ ಹೊಂದದಿದ್ದಲ್ಲಿ ಆ ಕಡತವನ್ನು ಬದಿಗಿಟ್ಟು ಹೆಸರನ್ನು ವರದಿಯಲ್ಲಿ ಬರೆಯುವುದು.

(ಇ) ಹೊಂದಿದ ಕಡತಗಳ ಸಾಲುಗಳನ್ನು ಒಂದರ ಕೆಳಗೆ ಒಂದರಂತೆ ಸೇರಿಸುವುದು.

(ಈ) ಪ್ರತಿ ಸಾಲಿಗೂ ಅದು ಬಂದ ಕಡತದ ಹೆಸರನ್ನು ಹೆಚ್ಚುವರಿ ಅಂಕಣವೊಂದರಲ್ಲಿ ಬರೆಯುವುದು.

(ಉ) ಗುರುತಿನ ಸಂಖ್ಯೆ ಇಲ್ಲದ ಅಥವಾ ಮೊತ್ತದ ಜಾಗದಲ್ಲಿ ಅಕ್ಷರಗಳಿರುವ ಸಾಲುಗಳನ್ನು ಅಳಿಸದೆ, ಪ್ರತ್ಯೇಕವಾದ ಹಿಂದಿರುಗಿಸಿದ ಸಾಲುಗಳ ಹಾಳೆಯಲ್ಲಿ ಇಡುವುದು.

(ಊ) ಕೊನೆಯಲ್ಲಿ ತಾಳೆ ವರದಿಯನ್ನು ಕೊಡುವುದು. ಬಂದ ಕಡತಗಳೆಷ್ಟು, ಓದಿದ ಸಾಲುಗಳೆಷ್ಟು, ಸೇರಿದವೆಷ್ಟು, ಹಿಂದಿರುಗಿಸಿದವೆಷ್ಟು, ಮೊತ್ತವೆಷ್ಟು ಎಂಬುದು ಅದರಲ್ಲಿರಬೇಕು.

ಎರಡು ದಿನಗಳ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತಿದ್ದುಪಡಿಯಾದ ಕಡತ ಬಂದರೆ ಹಳೆಯ ಕಡತವನ್ನು ಫೋಲ್ಡರ್‌ನಿಂದ ತೆಗೆದು ಹೊಸದನ್ನು ಇಟ್ಟು ಮತ್ತೊಮ್ಮೆ ನಡೆಸಿದರಾಯಿತು. ಆದರೆ ಮೇಲಿನ ಹಂತಗಳಲ್ಲಿ (ಆ), (ಈ), (ಉ), (ಊ) ತಾವಾಗಿಯೇ ಬರುವುದಿಲ್ಲ. ಬರೆಯುವವರು ಅವುಗಳನ್ನು ಸೇರಿಸಬೇಕು, ಬರೆಸುವವರು ಅವುಗಳನ್ನು ಕೇಳಬೇಕು. ಇವಿಲ್ಲದ ಸ್ಕ್ರಿಪ್ಟ್ ಕಡತಗಳನ್ನು ಸೇರಿಸುತ್ತದೆ. ಸರಿಯಾಗಿ ಸೇರಿತೇ ಎಂಬುದನ್ನು ಹೇಳುವುದಿಲ್ಲ. ಯಂತ್ರಕ್ಕೆ ದಣಿವಿಲ್ಲವೆಂಬುದು ಎಷ್ಟು ನಿಜವೋ ಅನುಮಾನವಿಲ್ಲವೆಂಬುದೂ ಅಷ್ಟೇ ನಿಜ.

3. ಹೆಸರು ಸಾಲದು, ಗುರುತಿನ ಸಂಖ್ಯೆ ಬೇಕು

ಕಡತಗಳು ಸರಿಯಾಗಿ ಸೇರಬೇಕಾದರೆ ಒಂದೇ ವಸ್ತುವನ್ನು ಎಲ್ಲರೂ ಒಂದೇ ಗುರುತಿನಿಂದ ಕರೆಯಬೇಕು. ಇದಕ್ಕೆ ಹತ್ತಿರದಲ್ಲಿಯೇ ಉತ್ತಮ ಉದಾಹರಣೆ ಇದೆ. ಬೆಂಗಳೂರು ದಕ್ಷಿಣ ಎಂಬುದು ಬೆಂಗಳೂರು ನಗರ ಜಿಲ್ಲೆಯ ಒಂದು ತಾಲ್ಲೂಕು. ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ. 2025ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದಾಗ ಅವುಗಳಲ್ಲಿ ಒಂದಕ್ಕೆ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಎಂಬ ಹೆಸರಾಯಿತು. ಹಾಳೆಯ ಒಂದು ಚೌಕದಲ್ಲಿ "ಬೆಂಗಳೂರು ದಕ್ಷಿಣ" ಎಂದಷ್ಟೇ ಬರೆದಿದ್ದರೆ ಅದು ತಾಲ್ಲೂಕೋ, ಜಿಲ್ಲೆಯೋ, ಪಾಲಿಕೆಯೋ, ಕ್ಷೇತ್ರವೋ ಎಂಬುದನ್ನು ಸ್ಥಳೀಯರು ಸಂದರ್ಭದಿಂದ ತಿಳಿಯಬಲ್ಲರು. ಯಂತ್ರವು ಐದನ್ನೂ ಒಂದೇ ಎಂದು ಸೇರಿಸುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಒಂದೇ ಊರಿನ ಹೆಸರನ್ನು ಒಬ್ಬರು ಕಗ್ಗಲೀಪುರ ಎಂದೂ ಇನ್ನೊಬ್ಬರು ಕಗ್ಗಲಿಪುರ ಎಂದೂ ಬರೆಯುತ್ತಾರೆ. ಪಂಚಾಯತಿ, ಪಂಚಾಯಿತಿ, ಪಂಚಾಯತ್ ಎಂಬ ಮೂರು ರೂಪಗಳೂ ಬಳಕೆಯಲ್ಲಿವೆ. ಓದುವವರಿಗೆ ಇವುಗಳಲ್ಲಿ ಭೇದವಿಲ್ಲ. ಯಂತ್ರಕ್ಕೆ ಕಗ್ಗಲೀಪುರ ಮತ್ತು ಕಗ್ಗಲಿಪುರ ಎರಡು ಬೇರೆ ಊರುಗಳು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಅಂತರ ಉಳಿದರೂ ಅದು ಮೂರನೆಯ ಊರಾಗುತ್ತದೆ.

ಪರಿಹಾರ ಸರಳವಾಗಿದೆ. ಭಾರತ ಸರ್ಕಾರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯು ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯತಿ ಮತ್ತು ಗ್ರಾಮಕ್ಕೆ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟಿದೆ. ಇದನ್ನು ಎಲ್‌ಜಿಡಿ ಸಂಖ್ಯೆ ಎನ್ನುತ್ತಾರೆ. ಮನೆ ಮತ್ತು ನಿವೇಶನಗಳಿಗೆ ಇ-ಸ್ವತ್ತು ತಂತ್ರಾಂಶದ ವಿಶಿಷ್ಟ ಸಂಖ್ಯೆ ಇದೆ. ಹೆಸರು ಓದಲಿಕ್ಕೆ ಇರಲಿ, ಸೇರಿಸಲಿಕ್ಕೆ ಸಂಖ್ಯೆ ಇರಲಿ ಎಂಬುದು ಇಲ್ಲಿ ಪಾಲಿಸಬೇಕಾದ ನಿಯಮ.

ಗುರುತಿನ ಸಂಖ್ಯೆಯ ಮಹತ್ವವನ್ನು ದಕ್ಷಿಣ ಬೆಂಗಳೂರಿನ ಹಳ್ಳಿಗಳು ಹಿಂದೆಯೇ ಕಂಡಿವೆ. 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹಳೆಯ ಪಾಲಿಕೆಯ 100 ವಾರ್ಡುಗಳೊಂದಿಗೆ ಬೊಮ್ಮನಹಳ್ಳಿಯೂ ಸೇರಿದಂತೆ 7 ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿದವು. ಅದುವರೆಗೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಸ್ವತ್ತುಗಳಿಗೆ ತನ್ನದೇ ಕ್ರಮದಲ್ಲಿ ಸಂಖ್ಯೆ ಕೊಟ್ಟುಕೊಂಡಿತ್ತು. ಒಂದು ಹಳ್ಳಿಯ ವಹಿಯಲ್ಲಿರುವ 45ನೆಯ ಸಂಖ್ಯೆ ನೆರೆಯ ಹಳ್ಳಿಯ ವಹಿಯಲ್ಲಿಯೂ ಇರಬಹುದು. ತಮ್ಮ ತಮ್ಮ ವಹಿಗಳಲ್ಲಿ ಎರಡೂ ಸರಿ. ಒಂದೇ ಪಟ್ಟಿಗೆ ಬಂದ ದಿನ ಎರಡೂ ಒಂದರ ಮೇಲೊಂದು ಕೂರುತ್ತವೆ. ಮುಂದೆ ಪಾಲಿಕೆಯು ವಾರ್ಡ್, ರಸ್ತೆ ಮತ್ತು ಸ್ವತ್ತು ಎಂಬ ಮೂರು ಭಾಗಗಳುಳ್ಳ ಪಿಐಡಿ ಸಂಖ್ಯೆಯನ್ನು ಬಳಸಿದುದರ ಅರ್ಥ ಇದೇ. ಪೂರ್ಣ ವಿಳಾಸವು ಸಂಖ್ಯೆಯೊಳಗೇ ಇದ್ದರೆ ಗೊಂದಲಕ್ಕೆ ಆಸ್ಪದವಿರುವುದಿಲ್ಲ.

ಇದೇ ಇತಿಹಾಸದಲ್ಲಿ ಎರಡನೆಯ ಪಾಠವೂ ಇದೆ. 2007ರಲ್ಲಿ ಸೇರಿದ್ದು 2025ರಲ್ಲಿ ಐದು ಭಾಗವಾಯಿತು. ನಗರದ ಅಂಚಿನ ಪಂಚಾಯತಿಗಳ ಗಡಿಗಳು ಮುಂದೆಯೂ ಬದಲಾಗಬಹುದು. ಸೇರಿಸುವಾಗ ಪ್ರತಿ ಸಾಲಿನ ಮೂಲವನ್ನು ಒಂದು ಅಂಕಣದಲ್ಲಿ ಉಳಿಸಿಕೊಂಡಿದ್ದರೆ ಬೇರ್ಪಡಿಸುವುದು ಸುಲಭ. ಉಳಿಸಿಕೊಳ್ಳದಿದ್ದರೆ ಮನೆಮನೆಗೆ ಹೋಗಿ ಮತ್ತೆ ಸಮೀಕ್ಷೆ ಮಾಡಬೇಕಾಗುತ್ತದೆ.

4. ಸಾಮಾನ್ಯವಾಗಿ ತಪ್ಪುವ ಸ್ಥಳಗಳು

ಒಟ್ಟು ಸಾಲು: ಪ್ರತಿ ಪಂಚಾಯತಿಯ ಕಡತದ ಕೊನೆಯಲ್ಲಿ "ಒಟ್ಟು" ಎಂಬ ಸಾಲು ಇರುವುದು ವಾಡಿಕೆ. ಸ್ಕ್ರಿಪ್ಟ್ ಅದನ್ನೂ ಒಂದು ಕುಟುಂಬದ ಅಥವಾ ಒಂದು ಸ್ವತ್ತಿನ ಸಾಲೆಂದೇ ಸೇರಿಸುತ್ತದೆ. ಆಗ ಗೋಷ್ವಾರೆಯ ಮೊತ್ತವು ನಿಜವಾದ ಮೊತ್ತದ ಎರಡರಷ್ಟಾಗುತ್ತದೆ. ಕಳುಹಿಸುವ ಕಡತದಲ್ಲಿ ಒಟ್ಟು ಸಾಲು ಇರಬಾರದು. ಮೊತ್ತವನ್ನು ಮುಖಪತ್ರದಲ್ಲಿ ಬರೆಯಬೇಕು.

ರೂಪಾಯಿ ಮತ್ತು ಲಕ್ಷ: ಒಂದು ಪಂಚಾಯತಿ 4,50,000 ಎಂದು ರೂಪಾಯಿಗಳಲ್ಲಿ ಬರೆದು, ಇನ್ನೊಂದು 4.50 ಎಂದು ಲಕ್ಷಗಳಲ್ಲಿ ಬರೆದರೆ, ಎರಡನೆಯದು ನಾಲ್ಕೂವರೆ ರೂಪಾಯಿಯಾಗಿ ಸೇರುತ್ತದೆ. ಎಚ್ಚರಿಕೆ ಯಾವುದೂ ಬರುವುದಿಲ್ಲ.

ಅಂಕಿಯಂತೆ ಕಾಣುವ ಅಕ್ಷರ: "ರೂ. 500/-" ಎಂದು ಬರೆದ ಚೌಕವು ಯಂತ್ರಕ್ಕೆ ಸಂಖ್ಯೆಯಲ್ಲ, ಬರಹ. ಎಕ್ಸೆಲ್‌ನ ಮೊತ್ತ ಕೂಡುವ ಸೂತ್ರವು ಇಂತಹ ಚೌಕಗಳನ್ನು ಸದ್ದಿಲ್ಲದೆ ಬಿಟ್ಟು ಉಳಿದವನ್ನು ಮಾತ್ರ ಕೂಡುತ್ತದೆ. ಮೊತ್ತದ ಅಂಕಣದಲ್ಲಿ ಅಂಕಿಗಳು ಮಾತ್ರ ಇರಬೇಕು.

ದಿನಾಂಕ: 04/03/2025 ಎಂಬುದು ಇಲ್ಲಿನ ರೂಢಿಯಂತೆ ಮಾರ್ಚ್ 4. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕಯಂತ್ರದಲ್ಲಿ ಅದು ಏಪ್ರಿಲ್ 3. ವ್ಯತ್ಯಾಸ ಒಂದು ತಿಂಗಳದ್ದು ಮಾತ್ರವಲ್ಲ. ಮಾರ್ಚ್ 4ರ ವಸೂಲಿ 2024-25ನೇ ಸಾಲಿಗೆ ಸೇರುತ್ತದೆ, ಏಪ್ರಿಲ್ 3ರ ವಸೂಲಿ 2025-26ನೇ ಸಾಲಿಗೆ ಸೇರುತ್ತದೆ. ತೆರಿಗೆ ಕಟ್ಟಿದವರ ಹೆಸರಿನಲ್ಲಿ ಹಿಂದಿನ ವರ್ಷದ ಬಾಕಿ ಉಳಿದುಬಿಡುತ್ತದೆ. ದಿನ, ತಿಂಗಳು, ವರ್ಷ ಇವುಗಳನ್ನು ಮೂರು ಅಂಕಣಗಳಲ್ಲಿ ಬರೆದರೆ ಈ ಗೊಂದಲ ತಪ್ಪುತ್ತದೆ.

ಉದ್ದದ ಸಂಖ್ಯೆ: ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಅನಂತರದವುಗಳನ್ನು ಸೊನ್ನೆ ಮಾಡುತ್ತದೆ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯ ಮೊದಲ ಸೊನ್ನೆಗಳನ್ನು ಅಳಿಸುತ್ತದೆ. ಆದುದರಿಂದ ಸ್ವತ್ತಿನ ವಿಶಿಷ್ಟ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳ ಅಂಕಣಗಳನ್ನು ತುಂಬುವ ಮೊದಲೇ ಬರಹ ರೂಪಕ್ಕೆ ಹೊಂದಿಸಿಡಬೇಕು. ಅಂಕಿ ಅಳಿಸಿಹೋದ ಮೇಲೆ ಹೊಂದಿಸಿ ಪ್ರಯೋಜನವಿಲ್ಲ.

ಖಾಲಿ ಮತ್ತು ಸೊನ್ನೆ: ಸೊನ್ನೆ ಎಂದರೆ ಪರಿಶೀಲಿಸಲಾಗಿದೆ, ಏನೂ ಇಲ್ಲ ಎಂದರ್ಥ. ಖಾಲಿ ಎಂದರೆ ಮಾಹಿತಿ ಬಂದಿಲ್ಲ ಎಂದರ್ಥ. ಕೆಟ್ಟ ಕೊಳವೆಬಾವಿಗಳ ಅಂಕಣದಲ್ಲಿ ಖಾಲಿ ಚೌಕವನ್ನು ಸೊನ್ನೆಯೆಂದು ತಿಳಿದರೆ, ಸಮೀಕ್ಷೆಯೇ ಆಗದ ಊರು ಸಮಸ್ಯೆಯೇ ಇಲ್ಲದ ಊರಾಗಿ ಕಾಣುತ್ತದೆ.

ಅಕ್ಷರ ಸಂಕೇತ: ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳು ಇಂದಿಗೂ ಕಚೇರಿಗಳಲ್ಲಿವೆ. ಅವುಗಳಲ್ಲಿ ಕನ್ನಡವು ಫಾಂಟ್‌ನಿಂದ ಮಾತ್ರ ಕನ್ನಡವಾಗಿ ಕಾಣುತ್ತದೆ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಯುನಿಕೋಡ್‌ನಲ್ಲಿ ಬೆರಳಚ್ಚಾದ ಕಡತಗಳೊಂದಿಗೆ ಸೇರಿಸಿದಾಗ ಇವು ಅರ್ಥವಿಲ್ಲದ ಅಕ್ಷರಗಳಾಗಿ ಒಡೆಯುತ್ತವೆ. ಇಂತಹ ಕಡತಗಳನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿಯೇ ಸೇರಿಸಬೇಕು.

5. ಇಂಗ್ಲೆಂಡಿನ ಒಂದು ಪ್ರಕರಣ

ಇವು ಸಣ್ಣ ಕಚೇರಿಗಳ ತಪ್ಪುಗಳೆಂದು ಭಾವಿಸಬಾರದು. 2020ರಲ್ಲಿ ಕೋವಿಡ್ ಹರಡುತ್ತಿದ್ದಾಗ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬರುವ ಪರೀಕ್ಷಾ ಫಲಿತಾಂಶಗಳ ಕಡತಗಳನ್ನು ತಂತಾನೇ ಒಗ್ಗೂಡಿಸುವ ವ್ಯವಸ್ಥೆಯನ್ನು ಮಾಡಿಕೊಂಡಿತ್ತು. ಅದರಲ್ಲಿ ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಯನ್ನು ಬಳಸಲಾಗಿತ್ತು. ಆ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗ. ಹೊಸ ಮಾದರಿಯಲ್ಲಿ 10,48,576 ಸಾಲುಗಳಿಗೆ ಜಾಗವಿದೆ. ಒಬ್ಬ ವ್ಯಕ್ತಿಯ ಫಲಿತಾಂಶಕ್ಕೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಹಾಳೆ ಬೇಗ ತುಂಬಿತು. ಮಿಕ್ಕ ಸಾಲುಗಳು ಗೋಷ್ವಾರೆಗೆ ಸೇರದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರ ವಿವರಗಳು ಹೀಗೆ ಬಿಟ್ಟುಹೋದವು.

ಸೋಂಕಿತರಿಗೆ ಅವರವರ ಫಲಿತಾಂಶ ತಿಳಿದಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸಬೇಕಾದ ಸಿಬ್ಬಂದಿಗೆ ಆ ಹೆಸರುಗಳು ಸಕಾಲಕ್ಕೆ ತಲುಪಲಿಲ್ಲ. ಪ್ರಯೋಗಾಲಯಗಳು ಕಳುಹಿಸಿದ ಸಾಲುಗಳೆಷ್ಟು, ಹಾಳೆಯಲ್ಲಿ ಸೇರಿದ ಸಾಲುಗಳೆಷ್ಟು ಎಂಬ ಎರಡು ಸಂಖ್ಯೆಗಳನ್ನು ಪ್ರತಿ ಸಂಜೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದರೆ ಕೊರತೆ ಮೊದಲ ದಿನವೇ ಕಾಣುತ್ತಿತ್ತು.

6. ತಾಳೆ ನೋಡುವ ಕ್ರಮ

ಕೆಳಗಿನ ಉದಾಹರಣೆಯು ಲೆಕ್ಕ ತಿಳಿಯಲೆಂದು ಕಲ್ಪಿಸಿದ್ದು. ಜಲ ಜೀವನ್ ಮಿಷನ್ ಕಾರ್ಯಕ್ರಮದ ಹಿನ್ನೆಲೆಯಲ್ಲಿ, ಮನೆಗೆ ನಲ್ಲಿ ಸಂಪರ್ಕವಿಲ್ಲದ ಕುಟುಂಬಗಳ ಪಟ್ಟಿಯನ್ನು ಐದು ಗ್ರಾಮ ಪಂಚಾಯತಿಗಳಿಂದ ಕೇಳಲಾಗಿದೆ ಎಂದಿಟ್ಟುಕೊಂಡರೆ, ಮುಖಪತ್ರಗಳಲ್ಲಿ ಬರೆದಿರುವ ಕುಟುಂಬಗಳ ಸಂಖ್ಯೆ ಹೀಗಿದೆ:

ಮೊದಲನೆಯ ಪಂಚಾಯತಿ: 214
ಎರಡನೆಯ ಪಂಚಾಯತಿ: 187
ಮೂರನೆಯ ಪಂಚಾಯತಿ: 302
ನಾಲ್ಕನೆಯ ಪಂಚಾಯತಿ: 96
ಐದನೆಯ ಪಂಚಾಯತಿ: 251
ಐದರ ಮೊತ್ತ: 1,050

ಸ್ಕ್ರಿಪ್ಟ್ ನಡೆಸಿದ ಮೇಲೆ ಬಂದ ವರದಿಯಲ್ಲಿ ಗೋಷ್ವಾರೆಗೆ ಸೇರಿದ ಸಾಲುಗಳು 1,031, ಹಿಂದಿರುಗಿಸಿದ ಸಾಲುಗಳು 7 ಎಂದಿದೆ. ಎರಡೂ ಸೇರಿ 1,038. ಹನ್ನೆರಡು ಕುಟುಂಬಗಳ ಲೆಕ್ಕ ಸಿಗುತ್ತಿಲ್ಲ.

ಸಾವಿರದ ಐವತ್ತರಲ್ಲಿ ಹನ್ನೆರಡು ಎಂದರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಬಿಟ್ಟರೂ ನಡೆಯುತ್ತದೆ ಎಂದು ಅನಿಸಬಹುದು. ಆದರೆ ಪಂಚಾಯತಿವಾರು ತಾಳೆ ನೋಡಿದಾಗ ನಾಲ್ಕನೆಯ ಪಂಚಾಯತಿಯಿಂದ 84 ಸಾಲುಗಳು ಮಾತ್ರ ಓದಲ್ಪಟ್ಟಿರುವುದು ಕಾಣುತ್ತದೆ. ಕಡತವನ್ನು ತೆರೆದರೆ ಅದರಲ್ಲಿ ಎರಡು ಹಾಳೆಗಳಿವೆ. ಮುಖ್ಯ ಗ್ರಾಮಗಳ 84 ಕುಟುಂಬಗಳು ಮೊದಲ ಹಾಳೆಯಲ್ಲಿವೆ. ಊರಾಚೆಯ ದೊಡ್ಡಿಯೊಂದರ 12 ಕುಟುಂಬಗಳನ್ನು ಆಪರೇಟರ್ ಪ್ರತ್ಯೇಕವಾಗಿ ಎರಡನೆಯ ಹಾಳೆಯಲ್ಲಿ ಬರೆದಿದ್ದಾರೆ. ಬೇರೆ ಸೂಚನೆ ಇಲ್ಲದಿದ್ದರೆ ಸ್ಕ್ರಿಪ್ಟ್ ಮೊದಲ ಹಾಳೆಯನ್ನು ಮಾತ್ರ ಓದುತ್ತದೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಯಾರೂ ಅಳಿಸಿಲ್ಲ. ಆದರೂ ಒಂದು ದೊಡ್ಡಿ ಇಡಿಯಾಗಿ ಪಟ್ಟಿಯಿಂದ ಹೊರಗುಳಿದಿದೆ.

ಬಿಟ್ಟುಹೋಗುವ ಸಾಲುಗಳು ಚದುರಿದಂತೆ ಬಿಟ್ಟುಹೋಗುವುದು ಕಡಿಮೆ. ಅವು ಒಂದು ಹಾಳೆಯಾಗಿ, ಒಂದು ಕಡತವಾಗಿ, ಅಂದರೆ ಒಂದು ಊರಾಗಿ ಅಥವಾ ಒಂದು ಕೇರಿಯಾಗಿ ಬಿಟ್ಟುಹೋಗುತ್ತವೆ. ಆದುದರಿಂದ ಒಟ್ಟು ಮೊತ್ತದ ತಾಳೆ ಸಾಲದು. ಪಂಚಾಯತಿವಾರು, ಗ್ರಾಮವಾರು ತಾಳೆ ನೋಡಬೇಕು. ನಿಯಮ ಇಷ್ಟೇ: ಕಳುಹಿಸಿದ ಸಾಲುಗಳು = ಸೇರಿದ ಸಾಲುಗಳು + ಹಿಂದಿರುಗಿಸಿದ ಸಾಲುಗಳು. ಒಂದು ಸಾಲಿನ ವ್ಯತ್ಯಾಸವಿದ್ದರೂ ಕಾರಣ ತಿಳಿಯುವವರೆಗೆ ಗೋಷ್ವಾರೆಯನ್ನು ಮುಂದಕ್ಕೆ ಕಳುಹಿಸಬಾರದು.

ಹಿಂದಿರುಗಿಸಿದ 7 ಸಾಲುಗಳನ್ನೂ ಮರೆಯುವಂತಿಲ್ಲ. ಅವು ಸಂಬಂಧಪಟ್ಟ ಪಂಚಾಯತಿಗೆ ಹೋಗಿ, ತಿದ್ದುಪಡಿಯಾಗಿ, ಮುಂದಿನ ಬಾರಿ ಸೇರಬೇಕು. ಸ್ಕ್ರಿಪ್ಟ್ ತಿರಸ್ಕರಿಸಿತು ಎಂಬುದು ಒಂದು ಕುಟುಂಬಕ್ಕೆ ಕೊಡಬಹುದಾದ ಉತ್ತರವಲ್ಲ.

7. ಎರಡು ಬಾರಿ ಬಂದ ಹೆಸರುಗಳು

ಗೋಷ್ವಾರೆ ಸಿದ್ಧವಾದ ಮೇಲೆ ಪುನರಾವರ್ತನೆಯಾದ ಸಾಲುಗಳನ್ನು ತೆಗೆಯುವ ಆಜ್ಞೆಯನ್ನು ಕೊಡುವುದು ರೂಢಿ. ಇದು ಅಗತ್ಯ, ಅಪಾಯಕಾರಿಯೂ ಹೌದು. ಗ್ರಾಮ ಮತ್ತು ಹೆಸರು ಒಂದೇ ಇದ್ದರೆ ಒಂದು ಸಾಲನ್ನು ತೆಗೆ ಎಂದು ಆಜ್ಞೆ ಬರೆದರೆ, ಒಂದೇ ಊರಿನಲ್ಲಿರುವ ಮೂವರು ಲಕ್ಷ್ಮಮ್ಮನವರಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ. ತಂದೆಯ ಅಥವಾ ಗಂಡನ ಹೆಸರಿನ ಅಂಕಣವನ್ನು ತುಂಬದೆ ಬಿಟ್ಟಿರುವ ಸಾಲುಗಳಲ್ಲಿ ಈ ಅಪಾಯ ಹೆಚ್ಚು. ಹಾಗೆ ಬಿಟ್ಟುಹೋಗುವವರಲ್ಲಿ ಒಂಟಿ ಮಹಿಳೆಯರೇ ಹೆಚ್ಚಾಗಿರುವ ಸಾಧ್ಯತೆ ಇದೆ.

ಪುನರಾವರ್ತನೆಯನ್ನು ವಿಶಿಷ್ಟ ಸಂಖ್ಯೆಯ ಆಧಾರದಿಂದ ಮಾತ್ರ ನಿರ್ಧರಿಸಬೇಕು. ಸಂಖ್ಯೆ ಇಲ್ಲದ ಪಟ್ಟಿಗಳಲ್ಲಿ ಸ್ಕ್ರಿಪ್ಟ್ ಸಾಲನ್ನು ತೆಗೆಯಬಾರದು, ಗುರುತು ಮಾತ್ರ ಹಾಕಬೇಕು. ಗುರುತು ಹಾಕಿದ ಹೆಸರುಗಳು ಒಬ್ಬರದೋ ಇಬ್ಬರದೋ ಎಂಬುದನ್ನು ತೀರ್ಮಾನಿಸಬಲ್ಲವರು ಆ ವಾರ್ಡಿನ ಸದಸ್ಯರು. ಆ ಮನೆಗಳನ್ನು ಬಲ್ಲವರು ಅವರೇ. ವಾರ್ಡ್ ಸಭೆಯಲ್ಲಿ ವಾರ್ಡಿನ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವ ಹಳೆಯ ಪದ್ಧತಿಗೆ ಸಮನಾದ ಪರಿಶೀಲನೆಯನ್ನು ಯಾವ ತಂತ್ರಾಂಶವೂ ಇನ್ನೂ ಕೊಟ್ಟಿಲ್ಲ.

8. ಮೂಲ ಕಡತ ಮತ್ತು ಗೋಪ್ಯತೆ

ಪಂಚಾಯತಿಗಳಿಂದ ಬಂದ ಮೂಲ ಕಡತಗಳನ್ನು ತಿದ್ದಬಾರದು. ಅವುಗಳನ್ನು ಒಂದು ಫೋಲ್ಡರ್‌ನಲ್ಲಿ ದಿನಾಂಕ ಸಹಿತ ಹಾಗೆಯೇ ಇಟ್ಟು, ಪ್ರತಿಯ ಮೇಲೆ ಸ್ಕ್ರಿಪ್ಟ್ ನಡೆಸಬೇಕು. ತಪ್ಪು ಕಂಡರೆ ಗೋಷ್ವಾರೆಯಲ್ಲಿ ನೇರವಾಗಿ ತಿದ್ದದೆ, ಪಂಚಾಯತಿಯಿಂದ ತಿದ್ದಿದ ಕಡತವನ್ನು ತರಿಸಿ ಮತ್ತೆ ಸೇರಿಸಬೇಕು. ಇಲ್ಲವಾದರೆ ಗ್ರಾಮದಲ್ಲಿ ಒಂದು ಲೆಕ್ಕ, ತಾಲ್ಲೂಕಿನಲ್ಲಿ ಇನ್ನೊಂದು ಲೆಕ್ಕ ಉಳಿಯುತ್ತದೆ. ಸ್ಕ್ರಿಪ್ಟ್ ಬರೆದವರು ವರ್ಗಾವಣೆಯಾದ ಮೇಲೂ ಕೆಲಸ ನಿಲ್ಲದಂತೆ, ಸ್ಕ್ರಿಪ್ಟ್‌ನ ಪ್ರತಿ ಮತ್ತು ಅದನ್ನು ನಡೆಸುವ ಕ್ರಮದ ಒಂದು ಪುಟದ ಟಿಪ್ಪಣಿ ಕಚೇರಿಯಲ್ಲಿಯೇ ಇರಬೇಕು.

ಚದುರಿದ ಮಾಹಿತಿಗಿಂತ ಒಂದುಗೂಡಿದ ಮಾಹಿತಿಯು ಹೆಚ್ಚು ಜೋಪಾನವಾಗಿ ಇಡಬೇಕಾದುದು. ಸಾವಿರಾರು ಕುಟುಂಬಗಳ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಗಳಿರುವ ಒಂದು ಕಡತವನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಆ ಕುಟುಂಬಗಳನ್ನೆಲ್ಲ ಅಪಾಯಕ್ಕೆ ಒಡ್ಡಿದಂತೆ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಕಾಯ್ದೆಯೇ ಬಂದಿದೆ. ಉದ್ದೇಶಕ್ಕೆ ಬೇಡದ ಅಂಕಣವನ್ನು ಪಂಚಾಯತಿಯಿಂದ ತರಿಸುವುದೇ ಬೇಡ. ನಲ್ಲಿ ಸಂಪರ್ಕದ ಎಣಿಕೆಗೆ ಆಧಾರ್ ಸಂಖ್ಯೆಯ ಅಗತ್ಯವಿಲ್ಲ.

9. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಯಾವುದೇ ಗೋಷ್ವಾರೆ ಸಭೆಯ ಮುಂದೆ ಬಂದಾಗ ಸದಸ್ಯರು, ವಿಶೇಷವಾಗಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿಯ ಸದಸ್ಯರು, ಈ ಆರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ:

1. ಎಷ್ಟು ಕಡತಗಳು ಬರಬೇಕಿತ್ತು, ಎಷ್ಟು ಬಂದಿವೆ, ಬಾರದವು ಯಾವ ಊರಿನವು?

2. ಕಳುಹಿಸಿದ ಸಾಲುಗಳೆಷ್ಟು, ಸೇರಿದವೆಷ್ಟು, ಹಿಂದಿರುಗಿಸಿದವೆಷ್ಟು? ಲೆಕ್ಕ ಹೊಂದುತ್ತದೆಯೇ?

3. ಮುಖಪತ್ರದ ಮೊತ್ತವೂ ಗೋಷ್ವಾರೆಯ ಮೊತ್ತವೂ ಗ್ರಾಮವಾರು ತಾಳೆಯಾಗುತ್ತವೆಯೇ?

4. ಹಿಂದಿರುಗಿಸಿದ ಸಾಲುಗಳ ಪಟ್ಟಿ ಎಲ್ಲಿದೆ, ಅವುಗಳನ್ನು ಯಾರು, ಯಾವ ದಿನಾಂಕದೊಳಗೆ ಸರಿಪಡಿಸುತ್ತಾರೆ?

5. ಪುನರಾವರ್ತನೆಯೆಂದು ಯಾವ ಹೆಸರುಗಳನ್ನು ತೆಗೆಯಲಾಗಿದೆ, ಯಾವ ಆಧಾರದ ಮೇಲೆ?

6. ಗೋಷ್ವಾರೆಯ ಯಾವುದಾದರೂ ಒಂದು ಸಾಲನ್ನು ತೋರಿಸಿದರೆ ಅದರ ಮೂಲ ಕಡತವನ್ನು ಈಗಲೇ ತೆರೆದು ತೋರಿಸಬಹುದೇ?

ಈ ಪ್ರಶ್ನೆಗಳಿಗೆ ಗಣಕ ಭಾಷೆಯ ಜ್ಞಾನ ಬೇಕಿಲ್ಲ. ಕೂಡುವ ಲೆಕ್ಕ ಮತ್ತು ಊರಿನ ಪರಿಚಯ ಇದ್ದರೆ ಸಾಕು. ಇವುಗಳಿಗೆ ಉತ್ತರ ದೊರೆಯದ ಗೋಷ್ವಾರೆಯು ಎಷ್ಟು ಅಚ್ಚುಕಟ್ಟಾಗಿ ಮುದ್ರಿತವಾಗಿದ್ದರೂ ಅಂಗೀಕಾರಕ್ಕೆ ಸಿದ್ಧವಾಗಿಲ್ಲವೆಂದು ತಿಳಿಯತಕ್ಕದ್ದು.

ಅಭ್ಯಾಸ

(1) ಸದಸ್ಯರು ತಮ್ಮ ಪಂಚಾಯತಿಯ ಇತ್ತೀಚಿನ ಯಾವುದಾದರೂ ಒಂದು ಗೋಷ್ವಾರೆಯನ್ನು ಪಡೆದು, ತಮ್ಮ ವಾರ್ಡಿಗೆ ಸಂಬಂಧಿಸಿದ ಸಾಲುಗಳನ್ನು ಎಣಿಸುವುದು. ಅದನ್ನು ಮೂಲ ವಹಿಯೊಂದಿಗೆ ತಾಳೆ ನೋಡುವುದು.

(2) ವಾರ್ಡಿನಲ್ಲಿ ಮುಖ್ಯ ಊರಿನಿಂದ ಹೊರಗಿರುವ ದೊಡ್ಡಿ, ತೋಟದ ಮನೆ, ಹೊಸ ಬಡಾವಣೆಗಳ ಹೆಸರುಗಳನ್ನು ಬರೆದು, ಅವುಗಳಲ್ಲಿ ಗೋಷ್ವಾರೆಯಲ್ಲಿ ಕಾಣದವು ಯಾವುವು ಎಂಬುದನ್ನು ಗುರುತಿಸುವುದು.

(3) ಪಂಚಾಯತಿ ವ್ಯಾಪ್ತಿಯ ಪ್ರತಿ ಗ್ರಾಮದ ಹೆಸರನ್ನು ಕಚೇರಿಯ ಬೇರೆಬೇರೆ ಕಡತಗಳಲ್ಲಿ ಎಷ್ಟು ಬಗೆಯಲ್ಲಿ ಬರೆಯಲಾಗಿದೆ ಎಂಬುದನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಎಲ್‌ಜಿಡಿ ಸಂಖ್ಯೆಯನ್ನು ಬರೆದು, ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದೇ ರೂಪವನ್ನು ಒಪ್ಪಿಕೊಳ್ಳುವುದು.